ಜಪಾನಿನ ಮಲೆಗಳಲ್ಲಿನ ಬಿಸಿನೀರಿನ ತಂಗುಮನೆಗಳು: ಸ್ವಯಂಪಾಕದಿಂದ ಆತಿಥ್ಯದವರೆಗೆ

ಜಪಾನ್ ದೇಶದ ಭೂಭಾಗದಲ್ಲಿ ಸುಮಾರು ಮುಕ್ಕಾಲು ಪಾಲು ಬೆಟ್ಟಗುಡ್ಡಗಳಿಂದ ಕೂಡಿದುದು. ಆ ಬೆಟ್ಟಗಳಲ್ಲಿ ಹಲವು ಜ್ವಾಲಾಮುಖಿಗಳು. ಅವುಗಳ ಆಸುಪಾಸಿನಲ್ಲಿ ಮಾತ್ರವಲ್ಲದೆ ದೇಶದ ಉದ್ದಗಲಕ್ಕೂ ಬಿಸಿನೀರಿನ ಬುಗ್ಗೆಗಳು ನೆಲದಿಂದ ಉಕ್ಕುತ್ತಿವೆ. ಇವನ್ನು ಜಪಾನೀಯರು ‘ಓನ್‌ಸೆನ್’ ಎಂದು ಕರೆಯುವರು. ಸರ್ಕಾರದ ಲೆಕ್ಕದಲ್ಲಿ ನಮೂದಾಗಿರುವ ಬುಗ್ಗೆಗಳ ಸಂಖ್ಯೆಯೇ ೨೭,೦೦೦ಕ್ಕೆ ಮಿಕ್ಕುದು.

ಇಂಥ ಬುಗ್ಗೆಯೊಂದರ ಬಳಿಯ ಬೆಟ್ಟದ ತಂಗುಮನೆಗೆ ಇಂದು ಹೋಗುವ ಪ್ರವಾಸಿಯ ದಿನಚರಿ ಬಹುಮಟ್ಟಿಗೆ ಒಂದೇ ಕ್ರಮದಲ್ಲಿ ಸಾಗುವುದು. ಕತ್ತಲಾಗುವುದಕ್ಕೆ ಮುಂಚೆ ಅಲ್ಲಿಗೆ ತಲಪಿ, ಬಾಗಿಲಲ್ಲಿ ಪಾದರಕ್ಷೆ ಕಳಚಿ, ಚಾಪೆ ಹಾಸಿದ ಕೋಣೆಯಲ್ಲಿ ಚಹಾ ಸೇವಿಸಿ, ‘ಯುಕಾತಾ’ ಎಂಬ ಹತ್ತಿಯ ನಿಲುವಂಗಿ ತೊಟ್ಟು ಆತನು ಸ್ನಾನಕ್ಕೆ ಹೋಗುವನು. ಮೈಯನ್ನು ಹೊರಗೇ ತೊಳೆದುಕೊಂಡು ಅನಂತರ ಕೊಳಕ್ಕಿಳಿಯಬೇಕೆಂಬುದು ಅಲ್ಲಿಯ ನಿಯಮ. ಮರಳುವ ವೇಳೆಗೆ ಊಟ ಸಿದ್ಧವಾಗಿರುವುದು: ಉಪ್ಪು ಸವರಿ ಕೆಂಡದಲ್ಲಿ ಸುಟ್ಟ ಹೊಳೆಮೀನು, ಕಾಡಿನ ಚಿಗುರುಗಳು, ಅಣಬೆ, ‘ಸೋಬಾ’ ಎಂಬ ಧಾನ್ಯದ ಶಾವಿಗೆ, ಉಪ್ಪಿನಕಾಯಿ, ಅನ್ನ, ‘ಮಿಸೊ’ ಎಂಬ ಹುದುಗಿಸಿದ ಸೋಯಾ ಕಾಳಿನ ಸಾರು. ಮರುದಿನ ಬೆಳಗ್ಗೆ ಇನ್ನೊಂದು ಊಟ; ಅದಾದ ಮೇಲೆ ಪ್ರಯಾಣ. ‘ಒಂದು ರಾತ್ರಿ, ಎರಡು ಊಟ’ ಎಂಬುದು ಈ ವ್ಯವಸ್ಥೆಗೆ ಅಲ್ಲಿ ರೂಢಿಯಾಗಿರುವ ಹೆಸರು.

ಈ ಕ್ರಮವನ್ನು ಸಾವಿರ ವರ್ಷಗಳಿಂದ ಅವಿಚ್ಛಿನ್ನವಾಗಿ ಬಂದ ಸಂಪ್ರದಾಯವೆಂದು ಬಗೆಯುವವರು ಬಹಳ ಮಂದಿ. ಅದರಲ್ಲಿ ಯಾವ ಅಂಶ ಹಳೆಯದು, ಯಾವುದು ಹೊಸದು ಎಂಬುದನ್ನು ಪ್ರಕೃತ ಪ್ರಬಂಧದಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ. ನೀರು ಹಳೆಯದು, ಉಗ್ರಾಣದಲ್ಲಿನ ಪದಾರ್ಥಗಳೂ ಹಳೆಯವು, ಆದರೆ ಅತಿಥಿಯ ಮುಂದೆ ತಂದಿರಿಸುವ ಎಡೆ ಮಾತ್ರ ಈಚಿನದು. ಅತಿಥಿಯು ತಂಗುವ ದಿನಗಳ ಸಂಖ್ಯೆ ಕುಗ್ಗಿದುದೇ ಈ ಮಾರ್ಪಾಟಿಗೆ ಮುಖ್ಯ ಕಾರಣವೆಂದು ನಮ್ಮ ಅಭಿಪ್ರಾಯ.

೧

ಬುಗ್ಗೆಗಳ ಪ್ರಾಚೀನತೆಯ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ೭೨೦ರಲ್ಲಿ ಸಂಕಲಿತವಾದ ‘ನಿಹೊನ್ ಶೋಕಿ’ ಎಂಬ ರಾಜವೃತ್ತಾಂತವು ಜೊಮೇಯಿ ಚಕ್ರವರ್ತಿಯು ೬೩೧ರಲ್ಲಿ ಅರಿಮಾ ಎಂಬಲ್ಲಿನ ಬಿಸಿನೀರಿಗೆ ಹೋದುದನ್ನು ದಾಖಲಿಸಿದೆ. ೭೩೩ರ ‘ಇಝುಮೊ ಫುದೊಕಿ’ ಎಂಬ ಪ್ರಾಂತವರ್ಣನೆಯ ಗ್ರಂಥವು ಇನ್ನೂ ಬೆಲೆಯುಳ್ಳ ಸಾಕ್ಷಿ. ಹೊಳೆಯ ದಡದ ಬಿಸಿನೀರಿನಲ್ಲಿ ಗಂಡಸರು ಹೆಂಗಸರು, ಮುದುಕರು ಮಕ್ಕಳು ಎನ್ನದೆ ಜನರು ನೆರೆಯುತ್ತಿದ್ದರೆಂದೂ ಆ ನೀರು ರೋಗಹರವೆಂದು ನಂಬಿದ್ದರೆಂದೂ ಅದರಿಂದ ತಿಳಿದುಬರುತ್ತದೆ. ಅಂದರೆ ಎಂಟನೆಯ ಶತಮಾನದಲ್ಲೇ ಬಿಸಿನೀರು ಅರಸರ ಸೊತ್ತಷ್ಟೇ ಆಗಿರದೆ ಸಾಮಾನ್ಯರ ಸೊತ್ತೂ ಆಗಿತ್ತು.

ಆದರೆ ಬೆಟ್ಟದೊಳಗಣ ಒಂದೊಂದು ಬುಗ್ಗೆಯ ಉತ್ಪತ್ತಿಕಥೆಯನ್ನು ಇಷ್ಟೇ ವಿಶ್ವಾಸದಿಂದ ಸ್ವೀಕರಿಸಲಾಗದು. ಎಲ್ಲೆಡೆಯೂ ಕಥೆಗಳ ಅಚ್ಚು ಒಂದೇ: ಗ್ಯೋಕಿ (೬೬೮–೭೪೯) ಅಥವಾ ಕೂಕಾಯಿ (೭೭೪–೮೩೫) ಎಂಬ ಬೌದ್ಧಯತಿಯು ದಂಡದಿಂದ ನೆಲವನ್ನು ತಿವಿದು ನೀರು ಹೊರಡಿಸಿದನು, ಇಲ್ಲವೆ ಗಾಯಗೊಂಡ ಕೊಕ್ಕರೆ, ಜಿಂಕೆ ಮೊದಲಾದ ಪ್ರಾಣಿಯೊಂದು ಆ ನೀರಿನಲ್ಲಿ ನಿಂತು ವಾಸಿಯಾದುದನ್ನು ಬೇಟೆಗಾರನು ಕಂಡನು. ಅಕಿತಾ ಪ್ರಾಂತದ ತ್ಸುರುನೊಯು ಎಂಬ ಬುಗ್ಗೆಯ ಹೆಸರಿಗೇ ‘ಕೊಕ್ಕರೆಯ ಬಿಸಿನೀರು’ ಎಂದರ್ಥ. ಯಾಮಾನಾಶಿ ಪ್ರಾಂತದ ಕೇಯುನ್‌ಕಾನ್ ಎಂಬ ತಂಗುಮನೆಯು ೭೦೫ರಲ್ಲಿ ಸ್ಥಾಪಿತವಾಯಿತೆಂಬ ಪರಂಪರೆಯುಂಟು. ಲೋಕದ ಅತ್ಯಂತ ಪ್ರಾಚೀನ ವಸತಿಗೃಹವೆಂದು ಗಿನ್ನೆಸ್ ದಾಖಲೆಯ ಪುಸ್ತಕವೂ ಅದನ್ನು ಮನ್ನಿಸಿದೆ. ತೋಚಿಗಿ ಪ್ರಾಂತದ ಯುನಿಶಿಗಾವಾ ಕಣಿವೆಯವರು ತಾವು ೧೧೮೫ರಲ್ಲಿ ಸೋತ ತಾಯಿರಾ ವಂಶದ ಪಲಾಯಿತರ ಸಂತತಿಯೆಂದು ಹೇಳಿಕೊಳ್ಳುವರು. ಕೂಗಿನಿಂದ ವೈರಿಗೆ ಸುಳಿವು ಸಿಕ್ಕೀತೆಂದು ಅವರು ಕೋಳಿಯನ್ನೇ ಸಾಕುತ್ತಿರಲಿಲ್ಲವಂತೆ. ಇವೆಲ್ಲ ಕಾಲನಿರ್ಣಯಕ್ಕೆ ಆಧಾರವಾಗಲಾರವು. ಆದರೂ ದಾರಿಯಿಲ್ಲದ ಈ ಸ್ಥಳಗಳಿಗೆ ಜನರು ಏತಕ್ಕಾಗಿ ಹೋಗುತ್ತಿದ್ದರೆಂಬುದನ್ನು ಅವು ಸರಿಯಾಗಿಯೇ ಸೂಚಿಸುವುವು. ಗಾಯ ಮಾಯಬೇಕು, ಇಲ್ಲವೆ ತಲೆಮರೆಸಿಕೊಳ್ಳಬೇಕು. ಸುಖಭೋಜನದ ಮಾತು ಆ ಕಥೆಗಳಲ್ಲಿ ಎಲ್ಲಿಯೂ ಇಲ್ಲ.

೨

ಖಚಿತವಾದ ಚಿತ್ರ ದೊರೆಯುವುದು ತೊಕುಗಾವಾ ವಂಶದ ಆಳಿಕೆಯ ಕಾಲದಲ್ಲಿ (೧೬೦೩–೧೮೬೮). ಆಗ ರೈತನು ತನ್ನ ಊರನ್ನು ಬಿಟ್ಟು ಹೋಗಬೇಕಾದರೆ ರಹದಾರಿ ಪತ್ರ ಬೇಕಾಗಿತ್ತು. ಅದನ್ನು ಕೇಳಲು ಸಮ್ಮತವಾದ ಕಾರಣಗಳು ಮುಖ್ಯವಾಗಿ ಎರಡು: ತೀರ್ಥಯಾತ್ರೆ ಮತ್ತು ‘ತೋಜಿ’, ಎಂದರೆ ಬಿಸಿನೀರಿನ ಚಿಕಿತ್ಸೆ. ತೋಜಿಯ ಅವಧಿಯ ಮಾನ ಏಳು ದಿನ. ಇದಕ್ಕೆ ‘ಒಂದು ಸುತ್ತು’ ಎಂದು ಹೆಸರು. ಕಾಯಿಲೆ ಬಲವಾಗಿದ್ದರೆ ಮೂರು ಸುತ್ತು, ಎಂದರೆ ಇಪ್ಪತ್ತೊಂದು ದಿನ ಇರಬೇಕು. ನಾಟಿ ಮುಗಿದ ಮೇಲೆ, ಕೊಯ್ಲು ಮುಗಿದ ಮೇಲೆ, ನಡುಚಳಿಗಾಲದಲ್ಲಿ, ಹೀಗೆ ಬೇಸಾಯದ ಬಿಡುವಿನಲ್ಲಿ ಜನರು ಹೊರಡುತ್ತಿದ್ದರು. ನಾಟಿಯ ಅನಂತರದ ಸ್ನಾನಕ್ಕೆ ‘ಕೆಸರು ಕಳೆಯುವುದು’ ಎಂಬ ಹೆಸರಿದ್ದುದು ಗಮನಾರ್ಹ. ಗದ್ದೆಯಲ್ಲಿ ವಾರಗಟ್ಟಲೆ ಬೆನ್ನು ಬಾಗಿಸಿದವನಿಗೆ ಅದು ವಿಲಾಸವಾಗಿರಲಿಲ್ಲ. ಮುಂದಿನ ದುಡಿಮೆಗೆ ಮೈಯನ್ನು ಸಿದ್ಧಗೊಳಿಸುವ ವಿಧಾನವಾಗಿತ್ತು.

ವೈದ್ಯರೂ ಇದನ್ನು ಪುರಸ್ಕರಿಸಿದರು. ಗೋತೊ ಕೊನ್‌ಝಾನ್ (೧೬೫೯–೧೭೩೩) ಎಂಬ ವೈದ್ಯನು ಬಿಸಿನೀರನ್ನು ಔಷಧವಾಗಿ ವಿಧಿಸಿ ಪ್ರಸಿದ್ಧನಾದನು. ಕಾಯಿಬಾರಾ ಎಕಿಕೆನ್ ಎಂಬ ವಿದ್ವಾಂಸನು ೧೭೧೩ರ ತನ್ನ ‘ಯೋಜೋಕುನ್’ ಎಂಬ ಆರೋಗ್ಯಗ್ರಂಥದಲ್ಲಿ ಬಿಸಿನೀರಿನಿಂದ ಗುಣವಾಗುವ, ಗುಣವೂ ದೋಷವೂ ಆಗದ, ಕೆಡುಕಾಗುವ ರೋಗಗಳನ್ನು ಬೇರೆ ಬೇರೆಯಾಗಿ ವಿಂಗಡಿಸಿದನು. ದೇಹದಾರ್ಢ್ಯವುಳ್ಳವನೂ ದಿನಕ್ಕೆ ಮೂರಕ್ಕಿಂತ ಹೆಚ್ಚು ಸಲ ಮುಳುಗಬಾರದು, ತೋಜಿಯ ದಿನಗಳಲ್ಲಿ ಅತಿಯಾಗಿ ಉಣ್ಣುವುದನ್ನೂ ಕುಡಿಯುವುದನ್ನೂ ಬಿಡಬೇಕು ಎಂಬುದು ಆತನ ಉಪದೇಶದ ಸಾರ. ಇಂದಿನ ತಂಗುಮನೆಯ ತುಂಬಿದ ಮಣೆಗಳ ಮುಂದೆ ಈ ಪಥ್ಯವನ್ನು ನೆನೆದರೆ ಎರಡು ಕಾಲಗಳ ಅಂತರ ಸ್ಪಷ್ಟವಾಗುವುದು. ಬುಗ್ಗೆಗಳನ್ನು ಮಲ್ಲರ ತರತಮದ ಪಟ್ಟಿಯಂತೆ ಶ್ರೇಣಿಗೊಳಿಸಿ ಅಚ್ಚುಮಾಡಿದ ಹಾಳೆಗಳೂ ಆ ಯುಗದ ಉತ್ತರಾರ್ಧದಲ್ಲಿ ಪ್ರಚಾರಕ್ಕೆ ಬಂದವು. ಅವುಗಳಲ್ಲಿ ಪೂರ್ವದ ಅಗ್ರಸ್ಥಾನ ಕುಸಾತ್ಸುವಿಗೂ ಪಶ್ಚಿಮದ ಅಗ್ರಸ್ಥಾನ ಅರಿಮಾಕ್ಕೂ ಸಲ್ಲುತ್ತಿದ್ದುವು. ಶ್ರೇಣಿಗೆ ಆಧಾರ ನೀರಿನ ಗುಣ, ಊಟದ ರುಚಿಯಲ್ಲ.

ಹಾಗಾದರೆ ಈ ಜನರು ಉಣ್ಣುತ್ತಿದ್ದುದೇನು? ಅಂದಿನ ಹೆದ್ದಾರಿಗಳಲ್ಲಿ ಎರಡು ಬಗೆಯ ಬಿಡಾರಗಳಿದ್ದುವು. ‘ಹತಾಗೊ’ ಎಂಬಲ್ಲಿ ಊಟ ದೊರೆಯುತ್ತಿತ್ತು. ‘ಕಿಚಿನ್-ಯಾದೊ’ ಎಂಬಲ್ಲಿ ಪ್ರಯಾಣಿಕನು ಸೌದೆಯ ಹಣವನ್ನು ಮಾತ್ರ ತೆತ್ತು ತಾನೇ ಬೇಯಿಸಿಕೊಳ್ಳಬೇಕಾಗಿತ್ತು. ಬೆಟ್ಟದ ಬಿಸಿನೀರಿನ ಬಿಡಾರಗಳು ಬಹುಮಟ್ಟಿಗೆ ಈ ಎರಡನೆಯ ಜಾತಿಗೆ ಸೇರಿದುವು. ಅಕ್ಕಿ, ಮಿಸೊ, ಉಪ್ಪಿನಕಾಯಿಗಳನ್ನು ಬೆನ್ನಮೇಲೆ ಇಲ್ಲವೆ ಕುದುರೆಯ ಮೇಲೆ ಹೊತ್ತು ತಂದು, ಕೋಣೆಯನ್ನೂ ಪಾತ್ರೆಯನ್ನೂ ಹಾಸಿಗೆಯನ್ನೂ ಬಾಡಿಗೆಗೆ ಹಿಡಿದು, ಸಾಮಾನ್ಯವಾದ ಒಲೆಯಲ್ಲಿ ಅಡಿಗೆ ಮಾಡಿಕೊಳ್ಳುವುದೇ ಪದ್ಧತಿ. ಇದಕ್ಕೆ ಅವರ ಮಾತು ‘ಜಿಸುಯಿ’. ನಮ್ಮ ‘ಸ್ವಯಂಪಾಕ’ ಎಂಬ ಶಬ್ದವು ಅದಕ್ಕೆ ಸರಿಯಾದ ಪರ್ಯಾಯ. ಬೇರೆ ಬೇರೆ ಊರುಗಳ ಹೆಂಗಸರು ಒಂದೇ ಅಡಿಗೆಮನೆಯಲ್ಲಿ ಕೂಡಿ, ತಂದುದನ್ನು ಪರಸ್ಪರ ಹಂಚಿಕೊಳ್ಳುತ್ತಿದ್ದರು. ಯಾಮಾಗಾತಾ ಪ್ರಾಂತದ ಹಿಜಿಓರಿ ಎಂಬ ಬುಗ್ಗೆಯೂರಿನಲ್ಲಿ ಸುತ್ತಣ ಹಳ್ಳಿಯ ಹೆಂಗಸರು ಸೊಪ್ಪುತರಕಾರಿಗಳನ್ನು ತಂದು ಬೀದಿಯಲ್ಲಿ ಮಾರುವ ಬೆಳಗಿನ ಸಂತೆ ಇಂದಿಗೂ ಉಂಟು. ಅದು ಸ್ವಯಂಪಾಕದ ಅತಿಥಿಗಳಿಗಾಗಿ ಬೆಳೆದು ಬಂದ ಸಂತೆ.

ಈ ಸ್ಥಳಗಳು ಎಷ್ಟು ದುರ್ಗಮವಾಗಿದ್ದುವೆಂಬುದಕ್ಕೆ ಇಸಬೆಲ್ಲಾ ಬರ್ಡ್ ಎಂಬ ಆಂಗ್ಲ ಮಹಿಳೆಯ ಬರವಣಿಗೆ ಒಳ್ಳೆಯ ಸಾಕ್ಷಿ. ಆಕೆ ೧೮೭೮ರ ಜೂನ್ ತಿಂಗಳಲ್ಲಿ ನಿಕ್ಕೊವಿಗೆ ಮೇಲಣ ಯುಮೊತೊ ಎಂಬ ಬುಗ್ಗೆಯೂರಿಗೆ ಹೋಗಿದ್ದಳು. ಅಲ್ಲಿನವರು ಅಕ್ಟೋಬರ್ ೧೦ರ ಹೊತ್ತಿಗೆ ಮನೆಗಳನ್ನು ಮಾಡಿನ ಸಮೇತ ಒರಟು ಚಾಪೆಗಳಲ್ಲಿ ಸುತ್ತಿ, ಒಬ್ಬ ಕಾವಲುಗಾರನನ್ನು ಬಿಟ್ಟು, ಮೇ ೧೦ರವರೆಗೂ ತಗ್ಗಿನ ಸೀಮೆಗೆ ಇಳಿದುಹೋಗುತ್ತಿದ್ದರೆಂದೂ ಆ ಕಾವಲುಗಾರನನ್ನು ವಾರಕ್ಕೊಮ್ಮೆ ಬದಲಾಯಿಸುತ್ತಿದ್ದರೆಂದೂ ಆಕೆ ಬರೆದಿದ್ದಾಳೆ. ಏಳು ತಿಂಗಳು ಹಿಮದಡಿಯಲ್ಲಿ ಹುದುಗಿರುವ ಊರಿನಲ್ಲಿ ಬಂದವರಿಗೆಲ್ಲ ಅನ್ನವಿಡುವಷ್ಟು ಧಾನ್ಯವನ್ನು ಕೂಡಿಡುವುದು ಸಾಧ್ಯವಿರಲಿಲ್ಲ. ಸ್ವಯಂಪಾಕವು ಜಿಪುಣತನದ ಫಲವಲ್ಲ, ಭೂಗೋಳದ ಫಲ.

೩

ಈ ದೀರ್ಘವಾಸದ ಪದ್ಧತಿಯಲ್ಲಿ ಮೊದಲ ಬಿರುಕು ಕಾಣಿಸಿದುದು ಹಾಕೊನೆ ಬೆಟ್ಟದಲ್ಲಿ. ಅಲ್ಲಿಯ ಯುಮೊತೊ (ನಿಕ್ಕೊ ಬಳಿಯ ಯುಮೊತೊವಲ್ಲ, ಹೆಸರು ಮಾತ್ರ ಒಂದೇ) ತೋಕಾಯ್ದೊ ಹೆದ್ದಾರಿಗೆ ಸಮೀಪದಲ್ಲಿದ್ದಿತು. ಹೆದ್ದಾರಿಯ ಪ್ರಯಾಣಿಕರನ್ನು ಇರುಳು ತಂಗಿಸುವ ಹಕ್ಕು ಸರ್ಕಾರ ಗೊತ್ತುಮಾಡಿದ ಠಾಣ್ಯಗಳಿಗೆ ಮಾತ್ರ ಇದ್ದಿತು. ಆದರೆ ಗುಂಪುಗೂಡಿ ಯಾತ್ರೆ ಹೊರಟ ಜನರು ‘ತೋಜಿ’ಯೆಂಬ ಹೆಸರಿನಲ್ಲಿ ಯುಮೊತೊವಿನಲ್ಲಿ ಒಂದೇ ರಾತ್ರಿ ತಂಗಿ ಮುಂದೆ ಸಾಗತೊಡಗಿದರು. ತಮ್ಮ ಆದಾಯಕ್ಕೆ ಕುಂದು ಬಂದಿತೆಂದು ಓದಾವಾರಾ ಮತ್ತು ಹಾಕೊನೆ ಠಾಣ್ಯಗಳವರು ೧೮೦೫ರಲ್ಲಿ ಹೆದ್ದಾರಿಯ ಅಧಿಕಾರಿಗಳಿಗೆ ದೂರಿತ್ತರು. ತೀರ್ಪು ಬುಗ್ಗೆಯವರ ಪರವಾಯಿತು. ಒಂದು ರಾತ್ರಿಯ ತೋಜಿಗೆ ಅಡ್ಡಿಯಿಲ್ಲವೆಂದು ಗೊತ್ತಾಯಿತು.

ಮೇಲುನೋಟಕ್ಕೆ ಇದು ಕೇವಲ ಕಂದಾಯದ ಜಗಳ. ಆದರೆ ಆಹಾರಪದ್ಧತಿಯ ದೃಷ್ಟಿಯಿಂದ ಇದರ ಮಹತ್ವ ಹಿರಿದು. ಇಪ್ಪತ್ತೊಂದು ದಿನ ಇರುವವನು ಅಕ್ಕಿಯ ಮೂಟೆಯನ್ನು ತರುವನು. ಒಂದು ರಾತ್ರಿ ಇರುವವನು ತರಲಾರನು. ಆತನಿಗೆ ಅನ್ನವಿಡುವ ಹೊಣೆ ಮನೆಯೊಡೆಯನ ಮೇಲೆ ಬೀಳುವುದು. ಚಿಕಿತ್ಸೆಗೆ ಬಂದ ರೋಗಿಯು ಹೀಗೆ ಸತ್ಕಾರಯೋಗ್ಯನಾದ ಅತಿಥಿಯಾಗಿ ಮಾರ್ಪಟ್ಟನು. ಹೆದ್ದಾರಿಯ ಅಂಚಿನಲ್ಲಿ ಮೊದಲಾದ ಈ ಮಾರ್ಪಾಟು ಒಳಮಲೆಗಳಿಗೆ ತಲಪಲು ಇನ್ನೂ ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

೪

ಒಳಮಲೆಗಳ ಜನರ ಉಗ್ರಾಣವನ್ನು ಈಗ ನೋಡಬಹುದು. ಏಕೆಂದರೆ ಇಂದಿನ ಎಡೆಯ ಪದಾರ್ಥಗಳೆಲ್ಲ ಅಲ್ಲಿಂದ ಬಂದುವು. ಅದರ ಸೂತ್ರ ಒಂದೇ: ಐದಾರು ತಿಂಗಳ ಹಿಮಕ್ಕೆ ಮುಂಚೆ ಸಿಕ್ಕಿದುದನ್ನು ಕೆಡದಂತೆ ಕಾಪಾಡುವುದು. ವಸಂತದಲ್ಲಿ ಹಿಮ ಕರಗಿದೊಡನೆ ಏಳುವ ‘ಸಾನ್ಸಾಯಿ’ ಎಂಬ ಕಾಡುಸೊಪ್ಪುಗಳನ್ನು ಆಯುವರು. ‘ವರಾಬಿ’ ಎಂಬ ಜರಿಗಿಡದ ಸುರುಳಿ ಚಿಗುರು ಹಾಗೆಯೇ ತಿಂದರೆ ಕಹಿ, ಕೆಡುಕು ಕೂಡ. ಅದರ ಮೇಲೆ ಸೌದೆಯ ಬೂದಿಯನ್ನು ಚೆಲ್ಲಿ, ಕುದಿನೀರು ಹುಯ್ದು, ಒಂದು ರಾತ್ರಿ ಇಟ್ಟು, ತೊಳೆದು ಬಳಸುವರು. ‘ಝೆನ್ಮಾಯಿ’ ಎಂಬ ಇನ್ನೊಂದು ಜರಿಯನ್ನು ಬೇಯಿಸಿ, ಬಿಸಿಲಲ್ಲಿ ಹರವಿ, ಕೈಯಿಂದ ಮತ್ತೆ ಮತ್ತೆ ಹೊಸೆಯುತ್ತ ಒಣಗಿಸುವರು. ‘ತೋಚಿ’ ಮರದ ಕಾಯಿಗಳ ಕಹಿಯನ್ನು ನೀರಿನಿಂದಲೂ ಬೂದಿಯಿಂದಲೂ ಕಳೆದು ಅಕ್ಕಿಯೊಡನೆ ಕುಟ್ಟಿ ಕಡುಬು ಮಾಡುವರು.

ಅಕಿತಾ ಪ್ರಾಂತದ ‘ಇಬುರಿಗಾಕ್ಕೊ’ ಎಂಬ ಮೂಲಂಗಿಯ ಉಪ್ಪಿನಕಾಯಿಯು ಈ ಜಾಣ್ಮೆಗೆ ಉತ್ತಮ ನಿದರ್ಶನ. ಬೇರೆಡೆ ಮೂಲಂಗಿಯನ್ನು ಬಿಸಿಲಲ್ಲಿ ಒಣಗಿಸಿ ತೌಡಿನಲ್ಲಿ ಹುದುಗಿಸುವರು. ಅಕಿತಾದಲ್ಲಿ ಶರತ್ಕಾಲ ಕಳೆಯುತ್ತಲೇ ಹಿಮ ಬೀಳುವುದರಿಂದ ಬಿಸಿಲನ್ನು ನಂಬುವಂತಿಲ್ಲ. ಅದಕ್ಕಾಗಿ ಒಲೆಯ ಮೇಲಣ ಅಟ್ಟಕ್ಕೆ ತೂಗುಹಾಕಿ ಹೊಗೆಯಲ್ಲಿ ಒಣಗಿಸುವರು. ಕಡಲಿನ ಮೀನು ಬೆಟ್ಟವನ್ನೇರುತ್ತಿದ್ದುದು ಉಪ್ಪಿನಲ್ಲಿ ಇಲ್ಲವೆ ಒಣಗಿ. ಐಝು ಸೀಮೆಯಲ್ಲಿ ಒಣ ಹೆರಿಂಗ್ ಮೀನನ್ನು ‘ಸನ್ಶೊ’ ಎಂಬ ಕಾರದ ಎಲೆಯೊಡನೆ ಊರಿಡುವರು. ತೊಯಾಮಾದ ಕಡಲಿನ ಉಪ್ಪುಮೀನು ಹಿದಾ ಬೆಟ್ಟಗಳನ್ನು ದಾಟಿ ಮಾತ್ಸುಮೊತೊವರೆಗೆ ವರ್ಷಾಂತ್ಯದ ಹಬ್ಬಕ್ಕೆ ಹೋಗುತ್ತಿತ್ತು. ತಾಜಾ ಮೀನೆಂದರೆ ಹೊಳೆಯ ‘ಇವಾನಾ’, ‘ಯಾಮಾಮೆ’ಗಳೇ. ಮಾಂಸದ ವಿಷಯದಲ್ಲಿ, ೬೭೫ರಲ್ಲಿ ತೆಮ್ಮು ಚಕ್ರವರ್ತಿಯು ದನ, ಕುದುರೆ, ನಾಯಿ, ಕೋತಿ, ಕೋಳಿಗಳ ಭಕ್ಷಣೆಯನ್ನು ವರ್ಷದ ಕೆಲವು ತಿಂಗಳು ನಿಷೇಧಿಸಿದಂದಿನಿಂದ ಬೌದ್ಧಪ್ರಭಾವದ ವಿರಕ್ತಿ ಬೆಳೆದುಬಂದಿದ್ದರೂ, ಬೆಟ್ಟದ ಬೇಟೆಗಾರರು ಕರಡಿ, ಕಾಡುಹಂದಿಗಳನ್ನು ಬಿಡಲಿಲ್ಲ. ಕಾಡುಹಂದಿಗೆ ‘ಬೆಟ್ಟದ ತಿಮಿಂಗಿಲ’ವೆಂಬ ಹೆಸರಿಟ್ಟು, ಮೀನಿನ ಸೋಗಿನಲ್ಲಿ ಉಣ್ಣುತ್ತಿದ್ದರು.

ಇದು ಬಡತನದ ಆಹಾರ. ಅತಿಥಿಗೆ ಬಡಿಸಲು ತಕ್ಕುದೆಂದು ಅದನ್ನು ಮಾಡಿದವರೇ ಭಾವಿಸಿರಲಿಲ್ಲ.

೫

೧೮೬೮ರ ಅನಂತರ ರಹದಾರಿಯ ನಿರ್ಬಂಧ ಹೋಯಿತು. ೧೮೭೬ರಲ್ಲಿ ಜಪಾನಿಗೆ ಬಂದ ಎರ್ವಿನ್ ಬೆಲ್ಟ್ಸ್ (೧೮೪೯–೧೯೧೩) ಎಂಬ ಜರ್ಮನ್ ವೈದ್ಯನು ಕುಸಾತ್ಸುವಿನ ನೀರನ್ನು ಪಾಶ್ಚಾತ್ಯ ವೈದ್ಯದ ದೃಷ್ಟಿಯಿಂದ ಪ್ರಶಂಸಿಸಿದನು. ಬಳಿಕ ರೈಲುದಾರಿ ಬಂದಿತು. ೧೯೩೧ರಲ್ಲಿ ಶಿಮಿಝು ಸುರಂಗ ತೆರೆದು ಹಿಮಸೀಮೆಯ ಯುಝಾವಾ ತೋಕಿಯೊವಿಗೆ ಹತ್ತಿರವಾಯಿತು. ಕವಾಬಾತಾ ಯಾಸುನಾರಿಯ ‘ಯುಕಿಗುನಿ’ ಕಾದಂಬರಿ ಆ ಬುಗ್ಗೆಯೂರಿನ ಹಿನ್ನೆಲೆಯಲ್ಲಿ ಹುಟ್ಟಿತು.

ಜನರು ನೀರಿನ ಬಳಿಗೆ ಹೋಗುವುದಲ್ಲದೆ ನೀರನ್ನೇ ಜನರ ಬಳಿಗೆ ಇಳಿಸುವುದೂ ಆರಂಭವಾಯಿತು. ಕುರೊಬೆ ಕಮರಿಯ ಕುರೊನಾಗಿ ಎಂಬಲ್ಲಿಂದ ಏಳು ಕಿಲೊಮೀಟರಿಗೂ ಹೆಚ್ಚು ದೂರ ಕೊಳವೆಯಲ್ಲಿ ಬಿಸಿನೀರನ್ನು ತಂದು ಉನಾಝುಕಿ ಎಂಬ ಊರನ್ನು ಕಟ್ಟಿದರು. ಆ ಕೊಳವೆ ದಾಟುತ್ತಿದ್ದ ಕಡಿದಾದ ಬೆಟ್ಟದಲ್ಲಿ ಎರಡು ‘ತ್ಸುಬೊ’, ಎಂದರೆ ಆರೇಳು ಚದರ ಮೀಟರಿನಷ್ಟು ನೆಲ ಅನ್ಯರದಾಗಿತ್ತು. ಒಬ್ಬನು ಅದನ್ನು ಕೊಂಡು, ಕೊಳವೆಯನ್ನು ಕೀಳಿರಿ, ಇಲ್ಲವೆ ನನ್ನ ಸುಮಾರು ೩,೦೦೦ ತ್ಸುಬೊ ನೆಲವನ್ನು ನಾನು ಹೇಳಿದ ದುಬಾರಿ ಬೆಲೆಗೆ ಕೊಳ್ಳಿರಿ ಎಂದು ಹಠ ಹಿಡಿದನು. ೧೯೩೫ರಲ್ಲಿ ಪರಮೋಚ್ಚ ನ್ಯಾಯಾಲಯವು ಇದು ಹಕ್ಕಿನ ದುರುಪಯೋಗವೆಂದು ಆ ವ್ಯಾಜ್ಯವನ್ನು ತಳ್ಳಿಹಾಕಿತು. ಜಪಾನಿನ ನ್ಯಾಯಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಮೊದಲು ಕಲಿಯುವ ತೀರ್ಪುಗಳಲ್ಲಿ ಇದೊಂದು. ಐದು ವರ್ಷಗಳ ಬಳಿಕ, ೧೯೪೦ರಲ್ಲಿ, ಮಾತ್ಸುಮೊತೊ ಸೀಮೆಯ ಒಂದು ವ್ಯಾಜ್ಯದಲ್ಲಿ ಬುಗ್ಗೆಯ ನೀರಿನ ಮೇಲಣ ರೂಢಿಯ ಹಕ್ಕು ನೆಲದ ಒಡೆತನದಿಂದ ಬೇರೆಯಾಗಿ ನಿಲ್ಲಬಲ್ಲುದೆಂದು ಅದೇ ನ್ಯಾಯಾಲಯವು ಒಪ್ಪಿತು. ನೀರು ಈಗ ಬೆಲೆಕಟ್ಟಬಲ್ಲ ಆಸ್ತಿಯಾಗಿತ್ತು. ೧೯೪೮ರ ಬಿಸಿನೀರಿನ ಕಾನೂನು ೨೫ ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ಅಥವಾ ನಿಗದಿತ ಹತ್ತೊಂಬತ್ತು ದ್ರವ್ಯಗಳಲ್ಲಿ ಒಂದನ್ನಾದರೂ ಗೊತ್ತಾದ ಪ್ರಮಾಣದಲ್ಲಿ ಹೊಂದಿರುವುದನ್ನು ‘ಓನ್‌ಸೆನ್’ ಎಂಬುದಕ್ಕೆ ಲಕ್ಷಣವಾಗಿ ವಿಧಿಸಿತು. ೧೯೫೪ರಲ್ಲಿ ಹಾಕ್ಕೋದಾ ಬೆಟ್ಟದ ಸುಕಾಯು, ನಿಕ್ಕೊ ಯುಮೊತೊ ಮತ್ತು ಶಿಮಾ ಎಂಬ ಮೂರು ಸ್ಥಳಗಳನ್ನು ಸರ್ಕಾರವು ಜನತೆಯ ಆರೋಗ್ಯಧಾಮಗಳೆಂದು ಮೊದಲಬಾರಿಗೆ ಗುರುತಿಸಿದುದು ಹಳೆಯ ತೋಜಿಯ ಗೌರವವನ್ನು ಉಳಿಸುವ ಯತ್ನವೆನ್ನಬಹುದು.

ಆದರೆ ಕಾಲದ ಓಟ ಬೇರೆ ಕಡೆಗಿತ್ತು. ಯುದ್ಧಾನಂತರದ ಕೈಗಾರಿಕೆಯ ಏಳಿಗೆಯಲ್ಲಿ ಕಾರ್ಖಾನೆ, ಕಚೇರಿಗಳ ನೌಕರರು ಗುಂಪುಗುಂಪಾಗಿ ಒಂದು ರಾತ್ರಿಯ ವಿಹಾರಕ್ಕೆ ಬರತೊಡಗಿದರು. ಔತಣದ ದೊಡ್ಡ ಹಜಾರಗಳುಳ್ಳ ಕಾಂಕ್ರೀಟಿನ ಹೋಟೆಲುಗಳು ಎದ್ದುವು. ಶೀತಲಯಂತ್ರಗಳ ನೆರವಿನಿಂದ ಬೆಟ್ಟದ ನೆತ್ತಿಯಲ್ಲೂ ಕಡಲಿನ ಹಸಿ ಟ್ಯೂನಾ ಮೀನನ್ನು ಬಡಿಸುವುದು ಸತ್ಕಾರದ ಲಕ್ಷಣವೆನಿಸಿತು. ಊರಿನ ಸೊಪ್ಪುಗಳನ್ನು ಬಡಿಸಲು ಒಡೆಯರು ನಾಚುತ್ತಿದ್ದರು.

ಇದಕ್ಕೆ ಪ್ರತಿಕ್ರಿಯೆ ೧೯೭೦ರ ದಶಕದಲ್ಲಿ ಹುಟ್ಟಿತು. ಗುಂಪು ವಿಹಾರಕ್ಕೆ ಎಟುಕದೆ ಹಿಂದುಳಿದ ಬೆಟ್ಟದ ೩೩ ತಂಗುಮನೆಗಳು ೧೯೭೫ರಲ್ಲಿ ಸೇರಿ ‘ಹಿತೋ’, ಎಂದರೆ ‘ಗುಪ್ತವಾದ ಬಿಸಿನೀರು’, ಇದರ ರಕ್ಷಣೆಗಾಗಿ ಒಂದು ಸಂಘ ಕಟ್ಟಿದುವು. ದಾರಿಯಿಲ್ಲದಿರುವಿಕೆ ಎಂಬ ಹಳೆಯ ಕೊರತೆಯೇ ಹೊಸ ಹೆಸರಿನಡಿಯಲ್ಲಿ ಗುಣವಾಯಿತು. ಅದರೊಡನೆ ಕಡಲಮೀನು ಹಿಂಜರಿದು ಇವಾನಾ, ವರಾಬಿ, ಇಬುರಿಗಾಕ್ಕೊಗಳು ಎಡೆಗೆ ಬಂದುವು. ರೈತನು ಚಳಿಗಾಲಕ್ಕೆಂದು ಕೂಡಿಟ್ಟ ಆಹಾರವು ಹತಾಗೊವಿನ ಸತ್ಕಾರದ ವಿಧಿಯಲ್ಲಿ, ಔತಣದ ಅಲಂಕಾರದೊಡನೆ, ನಗರದ ಅತಿಥಿಯ ಮುಂದೆ ಬಂದುದು ಹೀಗೆ. ಇಂದು ನಾವು ‘ಸ್ಥಳೀಯ ಭೋಜನ’ವೆಂದು ಕರೆಯುವುದು ಈ ಸಂಗಮದ ಫಲ, ಅದರ ವಯಸ್ಸು ಅರ್ಧಶತಮಾನಕ್ಕಿಂತ ಬಹಳ ಹೆಚ್ಚಿಲ್ಲ. ೨೦೧೩ರಲ್ಲಿ ಯುನೆಸ್ಕೊ ಜಪಾನೀ ಆಹಾರಪದ್ಧತಿಯನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ಅದಕ್ಕೆ ಪ್ರಾಚೀನತೆಯ ಮುದ್ರೆಯೂ ಬಿದ್ದಿತು.

೬

ಹೊಸದೆಂದ ಮಾತ್ರಕ್ಕೆ ಅದನ್ನು ಹುಸಿಯೆನ್ನುವುದು ತಪ್ಪಾದೀತು. ಎಡೆ ಹೊಸದಾದರೂ ಬೂದಿಯಿಂದ ಕಹಿ ಕಳೆಯುವ, ಹೊಗೆಯಿಂದ ಮೂಲಂಗಿ ಒಣಗಿಸುವ ಅರಿವು ಹಳೆಯದು. ಅದನ್ನು ಇಂದು ಜೀವಂತವಾಗಿರಿಸಿರುವುದು ಬಹುಮಟ್ಟಿಗೆ ತಂಗುಮನೆಯ ಬೇಡಿಕೆಯೇ. ಆದರೆ ಆ ಅರಿವು ತಂಗುಮನೆಯ ಅಡಿಗೆಮನೆಯಲ್ಲಿ ಇಲ್ಲ. ಸುತ್ತಣ ಹಳ್ಳಿಗಳ ವಯೋವೃದ್ಧರ ಕೈಯಲ್ಲಿದೆ. ಆಹಾರದ ಶುಚಿತ್ವದ ಹೊಸ ಕಾನೂನು ೨೦೨೧ರಲ್ಲಿ ಜಾರಿಗೆ ಬಂದು, ಉಪ್ಪಿನಕಾಯಿ ಮಾರುವವರೆಲ್ಲ ನಿಯಮಬದ್ಧ ಅಡಿಗೆಮನೆ ಕಟ್ಟಿ ಪರವಾನಗಿ ಪಡೆಯಬೇಕೆಂದು ವಿಧಿಸಿತು. ೨೦೨೪ರ ಮೇ ತಿಂಗಳ ಕೊನೆಗೆ ಅದರ ವಾಯಿದೆ ತೀರಿದಾಗ ಅಕಿತಾದ ಹಲವು ಮುದುಕಿಯರು ಇಬುರಿಗಾಕ್ಕೊ ಮಾಡುವುದನ್ನೇ ನಿಲ್ಲಿಸಿದರು. ಕಾನೂನಿನ ಉದ್ದೇಶ ನ್ಯಾಯವಾದುದೇ. ಆದರೂ ಎಂಬತ್ತರ ವಯಸ್ಸಿನಲ್ಲಿ ಸಾಲಮಾಡಿ ಅಡಿಗೆಮನೆ ಕಟ್ಟುವವರು ಯಾರು?

ಬುಗ್ಗೆಯೂ ಶಾಶ್ವತವಲ್ಲ. ಗುಮ್ಮಾ ಪ್ರಾಂತದ ಕವಾರಾಯು ಎಂಬ ಬುಗ್ಗೆಯೂರಿಗೆ ಯಂಬಾ ಅಣೆಕಟ್ಟಿನ ಬೆದರಿಕೆ ಬಂದುದು ೧೯೫೨ರಲ್ಲಿ. ದೀರ್ಘಕಾಲದ ವಿರೋಧ, ಬಳಿಕ ಒಪ್ಪಂದ, ೨೦೦೯ರಲ್ಲಿ ಕಾಮಗಾರಿಯ ಸ್ಥಗಿತ, ೨೦೧೧ರಲ್ಲಿ ಪುನರಾರಂಭದ ನಿರ್ಧಾರ. ಕೊನೆಗೆ ೨೦೨೦ರಲ್ಲಿ ಅಣೆಕಟ್ಟು ಮುಗಿದು ಹಳೆಯ ಬೀದಿ ನೀರಿನಡಿಯಾಯಿತು. ಸುಮಾರು ಎಪ್ಪತ್ತು ವರ್ಷಗಳ ಈ ಅನಿಶ್ಚಿತತೆಯಲ್ಲಿ ಬಹುಪಾಲು ತಂಗುಮನೆಗಳು ಮುಚ್ಚಿದುವು; ಕೆಲವು ಮಾತ್ರ ಮೇಲಣ ಹೊಸ ನೆಲಕ್ಕೆ ಏರಿದುವು. ಜನವರಿ ೨೦ರ ಬೆಳಗಿನ ಜಾವ ಒಬ್ಬರ ಮೇಲೊಬ್ಬರು ಬಿಸಿನೀರು ಎರಚುವ ಅವರ ಹಬ್ಬವೂ ಅವರೊಡನೆಯೇ ಏರಿತು.

ಸುಕಾಯು, ತಾಮಾಗಾವಾ ಮೊದಲಾದ ಕೆಲವೆಡೆ ಸ್ವಯಂಪಾಕದ ಕೋಣೆಗಳು ಈಗಲೂ ಉಳಿದಿವೆ. ಅಲ್ಲಿಗೆ ಬರುವವರಲ್ಲಿ ದೀರ್ಘಕಾಲದ ರೋಗಿಗಳೂ ಮುದುಕರೂ ಹೆಚ್ಚು. ಜಪಾನಿನ ಮಲೆಗಳ ಬಿಸಿನೀರಿನ ನಿಜವಾದ ಹಳೆಯ ಸಂಪ್ರದಾಯವನ್ನು ಅರಸುವ ಇತಿಹಾಸಜ್ಞನು ಮೊದಲು ನೋಡಬೇಕಾದುದು ಮೆರುಗೆಣ್ಣೆಯ ತಟ್ಟೆಗಳ ಸಾಲನ್ನಲ್ಲ, ಈ ಕೋಣೆಗಳ ಸಾಮಾನ್ಯ ಒಲೆಯನ್ನು. ಒಂದು ಸಮಾಜವು ತನ್ನ ದುಡಿಯುವ ಜನರಿಗೆ ವಿಶ್ರಾಂತಿಯ ಹಕ್ಕನ್ನು ಯಾವ ಬಗೆಯಲ್ಲಿ ಸಲ್ಲಿಸಿತು, ಆ ವಿಶ್ರಾಂತಿ ಏಳು ದಿನದಿಂದ ಒಂದು ರಾತ್ರಿಗೆ ಹೇಗೆ ಕುಗ್ಗಿತು ಎಂಬ ವೃತ್ತಾಂತದ ಉಳಿದ ಸಾಕ್ಷಿ ಅಲ್ಲಿದೆ. ಬೆಟ್ಟದ ಭೋಜನದ ಇತಿಹಾಸವು ಕಡೆಯಲ್ಲಿ ಬಿಡುವಿನ ಇತಿಹಾಸವೇ ಆಗಿದೆ.